ಎಡಗಡೆಯ ಹಾಲು

ಇದನ್ನು ಬರೆಯಬೇಕಾದವಳು ನನ್ನ ಹೆಂಡತಿ ರೂಪಾ. ನೋವು ಅವಳದು, ಜ್ವರ ಅವಳದು, ಸೂಜಿ ಚುಚ್ಚಿಸಿಕೊಂಡವಳು ಅವಳು. ನನ್ನದು ಹೆಚ್ಚೆಂದರೆ ಆಸ್ಪತ್ರೆ ಕ್ಯಾಂಟೀನಿನ ಅನುಭವ. ಆದರೂ ಅಪ್ಪಣೆ ನನಗೇ ಆಗಿದೆ. “ನೀನೇ ಬರಿ ಚೇತು. ಊರೋರ ದನಿಯೆಲ್ಲ ಮಾಡ್ಕೊಂಡು ತಿರುಗ್ತೀಯಲ್ಲ, ಒಂದ್ಸಲ ಉಪಯೋಗಕ್ಕೆ ಬರ್ಲಿ. ಇನ್ಯಾರೋ ಹುಡುಗಿ ಎಲ್ಲೋ ಒಬ್ಬಳೇ ಗೋಡೆ ಕಡೆ ತಿರುಗಿ ಮಲಗಿರ್ತಾಳೆ, ಅವಳು ಓದ್ಲಿ” ಎಂದಳು. ಷರತ್ತು ಒಂದೇ: ನಗು ಬಂದ ಕಡೆ ನಗಿಸಬಹುದು, ಅಳು ಬಂದ ಕಡೆ ಜೋಕ್ ಹಾಕಿ ತೇಲಿಸುವಂತಿಲ್ಲ.

ಮಿಮಿಕ್ರಿ ನನ್ನ ಹುಟ್ಟುರೋಗ. ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಕೆಲಸ. ಕಂಪ್ಯೂಟರ್ ಕೆಟ್ಟವರು ಫೋನ್ ಮಾಡುತ್ತಾರೆ, ನಾನು ಅವರದೇ ಧಾಟಿಯಲ್ಲಿ ಮಾತಾಡಿ ಸಮಾಧಾನ ಮಾಡಿ, “ಆಫ್ ಮಾಡಿ ಆನ್ ಮಾಡಿದ್ರಾ ಸಾರ್?” ಎನ್ನುತ್ತೇನೆ. ಮ್ಯಾನೇಜರಿನ ಕೆಮ್ಮು, ಕ್ಯಾಬ್ ಡ್ರೈವರಿನ ಆಕಳಿಕೆ, ನಮ್ಮ ಮದುವೆ ಮಾಡಿಸಿದ ಪುರೋಹಿತರ ಮೂಗಿನ ಮಂತ್ರ ಎಲ್ಲವೂ ನನ್ನ ಗಂಟಲಲ್ಲಿವೆ. ಇಷ್ಟೆಲ್ಲ ಮಾತಾಡುವವನು ಕೇಳಲೇಬೇಕಾದ ಒಂದು ಪ್ರಶ್ನೆಯನ್ನು ಕೇಳಲಾಗದೆ ಹೇಗೆ ನಿಂತೆ ಎನ್ನುವುದೂ ಈ ಕಥೆಯಲ್ಲಿ ಬರುತ್ತದೆ.

ಹೆರಿಗೆ ಸಲೀಸಾಗಿ ಆಯಿತು. ಮಗಳು. ಕಾಡುಗೋಡಿಯ ನಮ್ಮ ಬಾಡಿಗೆ ಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಬಾಗಿಲಾಚೆ ಇರಬೇಕು. ಹಾಗಾಗಿ ಬಾಣಂತನ ವರ್ತೂರಿನಲ್ಲಿ, ರೂಪಾಳ ತವರಿನಲ್ಲಿ. ಹಸು ಕಟ್ಟಿ ಬದುಕಿದ ಮನೆ ಅದು. ಹುಲ್ಲು ಬೆಳೆಯುತ್ತಿದ್ದ ಜಾಗವೆಲ್ಲ ಅಪಾರ್ಟ್‌ಮೆಂಟ್ ಆದ ಮೇಲೂ ಹಿಂದಿನ ಶೆಡ್ಡಿನಲ್ಲಿ ಎರಡು ಸೀಮೆ ಹಸುಗಳು ಉಳಿದಿವೆ. ಮುಂದಿನ ಮೂರು ಅಂತಸ್ತಿನಲ್ಲಿ ಬಾಡಿಗೆಗೆ ಐಟಿ ಹುಡುಗರು. ಎರಡೂ ಕಡೆ ಮೋರಿ ಕಟ್ಟಿಕೊಂಡರೆ ಮಾವನೇ ಕೋಲು ಹಿಡಿದು ಬರಬೇಕು. ಮಾವನನ್ನು ಸುತ್ತಮುತ್ತಲಿನವರು ಈಗಲೂ ಹಸುವಿನ ವಿಚಾರಕ್ಕೆ ಹುಡುಕಿಕೊಂಡು ಬರುತ್ತಾರೆ. ಯಾವ ಹಸು ಯಾಕೆ ಮೇವು ಬಿಟ್ಟಿದೆ ಎಂದು ದೂರದಿಂದ ಕಿವಿ ನೋಡಿಯೇ ಹೇಳಬಲ್ಲರು. ನನ್ನ ಕಿವಿ ನೋಡಿ ಏನು ತಿಳಿದುಕೊಂಡಿದ್ದಾರೋ, ಇನ್ನೂ ಹೇಳಿಲ್ಲ.

ಹಾಲು ಕುಡಿಯುವುದು ಮಕ್ಕಳಿಗೆ ಹುಟ್ಟುತ್ತಲೇ ಬರುತ್ತದೆ, ಕುಡಿಸುವುದು ತಾಯಂದಿರಿಗೆ ಹೆರುತ್ತಲೇ ಬರುತ್ತದೆ ಎಂದು ನಂಬಿದ್ದೆ. ಇಬ್ಬರಿಗೂ ಬರಲಿಲ್ಲ. ಮಗಳು ಎಳನೀರಿನ ಸ್ಟ್ರಾ ಹೀರುವವಳ ಹಾಗೆ ಬಾಯಿಯನ್ನು ಚಿಕ್ಕದಾಗಿ ತೆರೆದು ತೊಟ್ಟಿನ ತುದಿಯನ್ನಷ್ಟೇ ಹಿಡಿಯುತ್ತಿದ್ದಳು. ಕೆಲವೇ ದಿನಗಳಲ್ಲಿ ಎಡಗಡೆಯ ತೊಟ್ಟು ಬಿರಿದು ರಕ್ತ ಜಿನುಗಿತು. ಮಗು ಬಾಯಿ ಹಾಕುವ ಮುಂಚೆಯೇ ರೂಪಾಳ ಕಾಲ್ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತಿದ್ದವು. ಮುಖದಲ್ಲಿ ಏನೂ ತೋರಿಸುತ್ತಿರಲಿಲ್ಲ. ಬೆರಳು ನೋಡಿಯೇ ನನಗೆ ಗೊತ್ತಾಗುತ್ತಿತ್ತು.

ನೋಡಲು ಬರುವವರು ಮಗುವಿನ ಮುಖ ನೋಡುವುದಕ್ಕೆ ಮೊದಲು ಹಾಲಿನ ವಿಚಾರಣೆ ಮುಗಿಸುತ್ತಿದ್ದರು. “ಆಲು ಸಾಕಾಗ್ತದೇನವ್ವ?” ಎನ್ನುವುದು ಮುನ್ನುಡಿ. “ಸಬ್ಸಿಗೆ ಸೊಪ್ಪು ತಿನ್ನು, ಬೆಳ್ಳುಳ್ಳಿ ಸುಟ್ಕಂಡು ತಿನ್ನು” ಎನ್ನುವುದು ನಡುವಿನ ಭಾಗ. “ನಮ್ ಕಾಲ್ದಾಗೆ ಇಂಗೆಲ್ಲ ಇರ್ನಿಲ್ಲ ಬುಡು” ಎನ್ನುವುದು ಮಂಗಳ. ಅವರು ಹೋದ ಮೇಲೆ ನಾನು ಒಬ್ಬೊಬ್ಬರ ದನಿ ಮಾಡಿ ತೋರಿಸುತ್ತಿದ್ದೆ. ರೂಪಾ ನಗುತ್ತಿದ್ದಳು. ಮುಂದಿನ ಸಲ ಮಗು ಅತ್ತಾಗ ಮತ್ತೆ ಬೆರಳು ಮಡಚುತ್ತಿದ್ದಳು.

ಒಂದು ಮಧ್ಯಾಹ್ನ, ಹೊರಗೆ ರಣ ಬಿಸಿಲು, ಅವಳು ಎರಡು ರಗ್ಗು ಹೊದ್ದು ಗಡಗಡ ನಡುಗುತ್ತಿದ್ದಳು. ಎಡ ಮೊಲೆ ಒಂದು ಕಡೆ ಕೆಂಪಗಾಗಿ, ಕಾದ ಹೆಂಚಿನ ಹಾಗೆ ಬಿಸಿಯಾಗಿತ್ತು. ಮೊಲೆ ಎಂದು ಬರೆಯುವಾಗ ಈಗಲೂ ನಾನು ಒಮ್ಮೆ ಹಿಂದೆ ತಿರುಗಿ ನೋಡುತ್ತೇನೆ, ಮಾವ ನಿಂತಿದ್ದಾರೇನೋ ಎಂದು. ಆ ಮನೆಯಲ್ಲಿ ಆ ಪದ ಇರಲಿಲ್ಲ. ಅತ್ತೆ ಹಜಾರಕ್ಕೆ ಬಂದು ಮಾವನಿಗೆ ಸುದ್ದಿ ಮುಟ್ಟಿಸಿದ ರೀತಿ ಹೀಗಿತ್ತು:

“ರೂಪಂಗೆ ಜ್ವರ. ಅದೂ... ಎಡಗಡೆ...” ಎಂದು ತಮ್ಮ ಭುಜದ ಹತ್ತಿರ ಕೈ ಆಡಿಸಿದರು.

ಮಾವ ಫ್ಯಾನು ನೋಡಿದರು. ನಾನೂ ಫ್ಯಾನು ನೋಡಿದೆ. ಫ್ಯಾನಿಗೇ ಮುಜುಗರವಾಗುವಷ್ಟು ಹೊತ್ತು ನೋಡಿದೆವು.

“ಗಟ್ಟಿಯಾಗೈತಾ?” ಎಂದರು ಮಾವ ಕೊನೆಗೆ.

“ಊಂ.”

“ಕೆಂಪಗೈತಾ? ಮುಟ್ಟಿದ್ರೆ ಬಿಸಿ?”

“ಊಂ.”

“ಕೆಚ್ಚಲು ಬಾವು.”

ಆ ಮಾತು ಬಿದ್ದದ್ದೇ ತಡ, ಮನೆಗೆ ಬಾಯಿ ಬಂತು. ಮಗಳ ವಿಷಯದಲ್ಲಿ ಉಸಿರೆತ್ತಲಾಗದವರು ಹಸುವಿನ ವಿಷಯದಲ್ಲಿ ಸಲೀಸಾಗಿ ಮಾತಾಡತೊಡಗಿದರು. ಗೊರಸಿನ ಕೊಳೆಯಿಂದ ಬರುವ ಬಾವು, ಕರು ಕಚ್ಚಿ ಬರುವ ಬಾವು, ಹಾಲು ಬಿಡದೆ ಕಟ್ಟಿಕೊಂಡು ಬರುವ ಬಾವು. ನಾನೂ ನಿರಾಳವಾಗಿ ಸೇರಿಕೊಂಡೆ. “ಹಂಗಾದ್ರೆ ಮಾವ, ಈಗ ಹಸುವಿಗೆ ಏನ್ ಮಾಡೋದು?” ಎಂದು ಕೇಳಿದವನು ನಾನೇ. ಒಳಗಿನ ಕೋಣೆಯಲ್ಲಿ ಮಲಗಿದ್ದ ಹಸುವಿಗೆ ಎಲ್ಲವೂ ಕೇಳಿಸುತ್ತಿತ್ತಂತೆ.

“ಬಾವು ಬಂದ ಕಡೆ ಆಲನ್ನ ಕರೂಗೂ ಬಿಡಂಗಿಲ್ಲ ಅಳಿಮಯ್ಯ,” ಎಂದರು ಮಾವ. “ಇಂಡಿ ಚೆಲ್ಬೇಕು. ಕೆಟ್ಟಿರ್ತದೆ ಅದು. ಬಲಗಡೆ ಕುಡೀಲಿ, ಎಡಗಡೆ ಬ್ಯಾಡ.”

ಅವರನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ನನ್ನ ಗಂಟಲು ಸಿದ್ಧವಾಗಿಯೇ ಇದೆ, ಆದರೂ ಇಲ್ಲ. ಎಷ್ಟೋ ಹಸುಗಳನ್ನು ಉಳಿಸಿದ ಕೈ ಅದು, ಹೇಳಿದ್ದು ಮೊಮ್ಮಗಳ ಮೇಲಿನ ಪ್ರೀತಿಗೆ. ಮೊಬೈಲಿನಲ್ಲಿ ಹುಡುಕಿದರೆ ಹತ್ತು ಜನ ಹತ್ತು ಹೇಳುತ್ತಿದ್ದರು, ಇಲ್ಲಿ ಕಣ್ಣೆದುರು ಒಬ್ಬ ತಜ್ಞ. ನಾನು ತಲೆಯಾಡಿಸಿದೆ.

ಎಡಗಡೆ ನಿಂತಿತು. ಅತ್ತೆ ಬಿಸಿನೀರಿನ ಬಟ್ಟೆ ಒತ್ತಿ ಹಿಂಡಿ ತೆಗೆಯಲು ನೋಡಿದರು. ಅವರ ಕೈ ಹಸುವಿಗೆ ಒಗ್ಗಿದ ಕೈ. ರೂಪಾ ಕಿರುಚಿದ್ದು ಮೂರನೇ ಅಂತಸ್ತಿನ ಹುಡುಗರಿಗೂ ಕೇಳಿರಬೇಕು. ಅರ್ಧ ಬಂತು, ಅರ್ಧ ಒಳಗೇ ಉಳಿಯಿತು. ಉಳಿದದ್ದು ಗಟ್ಟಿಯಾಯಿತು.

ಮಾರನೆಯ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ನನ್ನ ವಯಸ್ಸಿನವರೇ. ರೂಪಾ ಜ್ವರದಲ್ಲಿ ಅರೆಗಣ್ಣಾಗಿದ್ದಳು, ಅತ್ತೆ ಅವಳ ಪಕ್ಕ, ಮಾವ ಬಾಗಿಲಲ್ಲಿ. ಡಾಕ್ಟರು ನೋಡಿ ಆಂಟಿಬಯಾಟಿಕ್ ಬರೆದರು. “ಏನಾದ್ರೂ ಕೇಳೋದಿದ್ಯಾ?” ಎಂದು ನನ್ನ ಕಡೆ ನೋಡಿದರು. ಕೇಳಬೇಕಾದದ್ದು ನಾಲಿಗೆಯ ತುದಿಯಲ್ಲೇ ಇತ್ತು: ಮಗುವಿಗೆ ಹಾಲು ಕುಡಿಸಬಹುದಾ? ಬಾಗಿಲಲ್ಲಿ ಮಾವ ಇದ್ದರು. ನನ್ನ ಬಾಯಿಂದ ಬಂದದ್ದು, “ಊಟಕ್ಕೆ ಏನಾದ್ರೂ ಪಥ್ಯ ಇದ್ಯಾ ಡಾಕ್ಟ್ರೇ?”

“ಏನಿಲ್ಲ, ಎಲ್ಲಾ ತಿನ್ಲಿ.”

ಮನೆಗೆ ಬಂದು ಮಾತ್ರೆಯ ಚೀಟಿ ನೋಡಿದ ಮಾವನ ಮುಖ ಇಳಿಯಿತು. ಡೈರಿಯ ಕಾನೂನು ಅವರಿಗೆ ರಕ್ತದಲ್ಲಿದೆ. “ಇಂತಾ ಮದ್ದು ಕೊಟ್ಟ ಅಸೀನ ಆಲು ಡೈರಿಗೆ ಆಕಂಗಿಲ್ಲ. ಮದ್ದು ಇಳಿಯೋಗಂಟ ಎಲ್ಲಾ ಚೆಲ್ಲೋದೇಯ.” ಎಲ್ಲಾ ಎಂದರೆ ಬಲಗಡೆಯದೂ. ಮಗುವಿಗೆ ಹಾಲಿಲ್ಲದಂತಾಯಿತು. ಮೆಡಿಕಲ್ ಶಾಪಿಗೆ ಓಡಿದ ವೀರ ನಾನೇ. ಡಬ್ಬದ ಹಾಲು ತಂದೆ, ಆನೆ ಚಿತ್ರದ ಬಾಟಲಿ ತಂದೆ. ಮಗಳು ಗಟಗಟ ಕುಡಿದು, ತೇಗಿ, ಬಹಳ ದಿನಗಳ ನಂತರ ಮುಷ್ಟಿ ಸಡಿಲಿಸಿ ನಿದ್ದೆ ಮಾಡಿದಳು. “ಪಾಪ, ಅಸಿದಿತ್ತು ಮಗ” ಎಂದು ಅತ್ತೆ ಕಣ್ಣೊರೆಸಿಕೊಂಡರು. ಎಲ್ಲರಿಗೂ ಸಮಾಧಾನ. ರೂಪಾ ಗೋಡೆ ಕಡೆ ತಿರುಗಿದಳು.

ಡಬ್ಬದ ಹಾಲನ್ನು ನಾನು ಬೈಯುವುದಿಲ್ಲ. ಆ ದಿನಗಳಲ್ಲಿ ಮಗಳ ಹೊಟ್ಟೆ ತುಂಬಿಸಿದ್ದು ಅದೇ. ಅದನ್ನೇ ಕುಡಿದು ಗುಂಡುಗುಂಡಗೆ ಬೆಳೆದ ಮಕ್ಕಳು ನಮ್ಮ ಆಫೀಸಿನಲ್ಲಿ ಟೀಮ್ ಲೀಡರುಗಳಾಗಿದ್ದಾರೆ. ಆದರೆ ರೂಪಾಳಿಗೆ ಬೇಕಾಗಿದ್ದದ್ದು ಬೇರೆ. ನಾನು ಪಕ್ಕದಲ್ಲಿ ಕೂತಾಗ ಗೋಡೆಗೇ ಹೇಳಿದಳು, “ನಂಗೆ ಕುಡಿಸ್ಬೇಕು ಕಣೋ. ಯಾಕೆ ಅಂತ ಕೇಳ್ಬೇಡ, ಲಾಭ ನಷ್ಟ ಹೇಳ್ಬೇಡ. ಬೇಕು, ಅಷ್ಟೇ. ಎರಡೂ ಕಡೆಯಿಂದ.”

ಜ್ವರ ಇಳಿದ ಹಾಗೆ ಮಾಡಿ ಮತ್ತೆ ಏರಿತು. ಕೆಂಪಗಿದ್ದ ಜಾಗದಲ್ಲಿ ನಿಂಬೆಹಣ್ಣಿನಂಥ ಗಂಟು. ಈ ಸಲ ವೈಟ್‌ಫೀಲ್ಡ್ ಕಡೆಯ ದೊಡ್ಡ ಆಸ್ಪತ್ರೆಗೆ ಹೊರಟೆವು, ನಾವಿಬ್ಬರೇ. ಮಗು ಅತ್ತೆಯ ಹತ್ತಿರ.

ಸರ್ಜರಿ ವಿಭಾಗದ ಹೊರಗೆ ಕಾಯುವುದು ಎಂದರೆ ಎಲ್ಲರೂ ಎಲ್ಲರನ್ನೂ ನೋಡಿ, ಇವರಿಗೆ ಎಲ್ಲಿ ಕೊಯ್ಯುತ್ತಾರೋ ಎಂದು ಲೆಕ್ಕ ಹಾಕುವುದು. ಕಾಲಿಗೆ ಕಟ್ಟು ಕಟ್ಟಿಕೊಂಡ ತಾತ, ಹೊಟ್ಟೆ ಹಿಡಿದುಕೊಂಡ ಸೆಕ್ಯೂರಿಟಿ ಅಣ್ಣ, ದನಿಯಿಲ್ಲದ ಟೀವಿಯಲ್ಲಿ ಷೇರು ಮಾರುಕಟ್ಟೆ. ಯಾರದೋ ಮಗು ಅತ್ತಿತು. ನಮ್ಮದಲ್ಲ, ಯಾರದೋ. ರೂಪಾಳ ಮೈಗೆ ಅದು ತಿಳಿಯಬೇಕಲ್ಲ. ಬಲಗಡೆಯಿಂದ ಹಾಲು ಇಳಿದು ಕುರ್ತಾದ ಮೇಲೆ ಅಂಗೈಯಗಲ ಒದ್ದೆಯಾಯಿತು. ಅವಳು ಫೈಲನ್ನು ಎದೆಗೊತ್ತಿಕೊಂಡಳು. ತಾತ ಟೀವಿ ನೋಡಿದರು, ಸೆಕ್ಯೂರಿಟಿ ಅಣ್ಣ ಟೀವಿ ನೋಡಿದರು, ನಾನೂ ನೋಡಿದೆ. ಷೇರು ಬಿದ್ದಿತ್ತು.

ಪಕ್ಕದಲ್ಲಿದ್ದ ಹೆಂಗಸು ಮಾತ್ರ ಟೀವಿ ನೋಡಲಿಲ್ಲ. ತನ್ನ ದುಪ್ಪಟ್ಟಾ ತೆಗೆದು ರೂಪಾಳ ಹೆಗಲಿಗೆ ಹಾಕಿದಳು. “ತಗೋ ಅಮ್ಮಾ, ಶರಮ್ ಮಾಡ್ಬೇಡ. ನಂದು ಮೂರು ಮಕ್ಳು, ಮೂರಕ್ಕೂ ಹಿಂಗೇ. ಬಸ್ಸಲ್ಲಿ ಯಾರ್ ಮಕ್ಳು ಅತ್ರೂ ನಂದು ಚಾಲೂ.” ರೂಪಾ ನಕ್ಕಳು. ಆ ದಿನದ ಮೊದಲ ನಗು, ಅದೂ ನನ್ನಿಂದ ಬಂದದ್ದಲ್ಲ, ಸ್ವಲ್ಪ ಹೊಟ್ಟೆಯುರಿಯಾಯಿತು. ಅಷ್ಟರಲ್ಲಿ ಆ ಹೆಂಗಸಿನ ಹೆಸರು ಕೂಗಿದರು. ದುಪ್ಪಟ್ಟಾ ವಾಪಸ್ ತೆಗೆದುಕೊಳ್ಳದೆ ಎದ್ದು ಹೋದಳು. ಮತ್ತೆ ಸಿಗಲಿಲ್ಲ.

ಸ್ಕ್ಯಾನಿನಲ್ಲಿ ಕೀವು ಕಂಡಿತು. ಸರ್ಜನ್ ಒಳ್ಳೆಯವರು, ಅವಸರದವರು, ಪ್ರತಿ ಮಾತಿನ ಬಾಲಕ್ಕೂ ಓಕೆ ಕಟ್ಟುವವರು.

“ಕೀವು ತುಂಬಿದೆ, ಓಕೆ? ಸೂಜಿ ಹಾಕಿ ಎಳೆದು ತೆಗೀತೀವಿ, ಓಕೆ? ಮತ್ತೆ ತುಂಬಿದ್ರೆ ಮತ್ತೆ ತೆಗೀತೀವಿ. ಹಾಲು ನಿಲ್ಲೋಕೆ ಮಾತ್ರೆ ಬರ್ಕೊಡ್ತೀನಿ, ಓಕೆ?”

“ಓಕೆ ಅಲ್ಲ ಡಾಕ್ಟ್ರೇ,” ಎಂದಳು ರೂಪಾ.

ಪೆನ್ನು ನಿಂತಿತು.

“ಹಾಲು ನಿಲ್ಲಿಸ್ಲೇಬೇಕಾ? ಇಲ್ಲಾ ನಿಲ್ಸಿದ್ರೆ ನಿಮ್ಗೆ ಸುಲಭಾನಾ? ಅದನ್ನ ಹೇಳಿ ಮೊದ್ಲು.”

ನಾನು ಕುರ್ಚಿಯಲ್ಲಿ ಸಣ್ಣವನಾದೆ. ಜ್ವರದಲ್ಲಿ ತುಟಿ ಒಣಗಿದ್ದ ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಡಾಕ್ಟರು ಕನ್ನಡಕ ತೆಗೆದರು, ಈ ಸಲ ನಿಧಾನವಾಗಿ ಮಾತಾಡಿದರು. “ನಿಲ್ಲಿಸ್ಲೇಬೇಕು ಅಂತಿಲ್ಲಮ್ಮ. ತುಂಬ ಜನ ನೋವು ತಡಿಯೋಕೆ ಆಗ್ದೆ ಅವ್ರೇ ಕೇಳ್ತಾರೆ, ಅದಕ್ಕೇ ಹೇಳ್ದೆ. ನಿಮಗೆ ಕುಡಿಸ್ಬೇಕು ಅಂದ್ರೆ ಕುಡಿಸಿ. ಕೆಳಗೆ ಅದನ್ನೇ ನೋಡ್ಕೊಳ್ಳೋ ಸಿಸ್ಟರ್ ಇದ್ದಾರೆ, ಹೋಗಿ. ಓ...” ಎಂದು ಅಲ್ಲಿಗೇ ನಿಲ್ಲಿಸಿದರು.

ಸೂಜಿ ಹಾಕುವಾಗ ನನ್ನನ್ನು ಒಳಗೆ ಬಿಟ್ಟರು. ಅವಳು ನನ್ನ ಕೈ ಹಿಡಿದು, “ಏನಾದ್ರೂ ಮಾತಾಡು, ಯಾರ ದನೀಲಾದ್ರೂ” ಎಂದಳು. ಒಂದೂ ಬರಲಿಲ್ಲ. ಅವಳ ಉಗುರು ನನ್ನ ಅಂಗೈಯಲ್ಲಿ ಇಳಿಯುತ್ತಿತ್ತು, ನಾನು ಸುಮ್ಮನೆ ಅವಳ ಹೆಸರು ಹೇಳುತ್ತಾ ನಿಂತೆ. ಇಲ್ಲಿ ಜೋಕ್ ಇಲ್ಲ.

ಕೆಳಗಿನ ಕೋಣೆಯ ಸಿಸ್ಟರ್ ಮೊದಲು ಕೇಳಿದ್ದು, “ಮಗು ಆ ಕಡೆ ಕುಡಿಯೋದು ಬಿಟ್ಟು ಎಷ್ಟು ದಿನ ಆಯ್ತು?”

“ಎರಡೂ ಕಡೆ ಬಿಟ್ಟಿದೆ ಸಿಸ್ಟರ್. ಮಾತ್ರೆ ತಗೋತಿದೀನಲ್ಲ, ಅದಕ್ಕೆ ಚೆಲ್ತಾ ಇದೀವಿ.”

“ಚೆಲ್ತಾ ಇದೀರಾ? ಯಾರು ಹೇಳಿದ್ದು?”

ರೂಪಾ ನನ್ನನ್ನು ನೋಡಿದಳು. ನಾನು ಗೋಡೆಯ ಮೇಲಿದ್ದ ಗುಂಡು ಮಗುವಿನ ಪಟ ನೋಡಿದೆ. “ಡೈರಿ ರೂಲ್ಸು ಸಿಸ್ಟರ್,” ಎಂದೆ.

ಪೂರ್ತಿ ಕಥೆ ಕೇಳಿ ಅವರು ನಕ್ಕರು, ರೂಪಾಳ ಮುಖ ನೋಡಿ ನಿಲ್ಲಿಸಿದರು. “ನೋಡಮ್ಮ, ಈ ಮಾತ್ರೆ ಹಾಲು ಕುಡಿಸೋ ತಾಯಿಗೇ ಅಂತ ನೋಡಿ ಕೊಟ್ಟಿರೋದು. ಬಾವು ಇದ್ರೂ ಮಗು ಕುಡೀಬಹುದು, ಮಗೂಗೆ ಏನೂ ಆಗಲ್ಲ. ನಿಲ್ಲಿಸಿದ್ದಕ್ಕೇ ಒಳಗೆ ಕಟ್ಕೊಂಡಿದ್ದು. ಗಾಯ ಕೂಡ ತೊಟ್ಟಿಂದ ದೂರ ಇದೆ, ಪುಣ್ಯ. ಜೋರಾಗಿ ಹಿಂಡಿಸ್ಕೋಬೇಡಿ. ಇವತ್ತಿಂದಲೇ ಶುರು ಮಾಡಿ.” ಒಂದು ಬಟ್ಟೆ ಗೊಂಬೆಯನ್ನು ನನ್ನ ಕೈಗೂ ಕೊಟ್ಟು, ಮಗುವನ್ನು ಕಂಕುಳ ಕೆಳಗಿಂದ ಹೇಗೆ ಹಿಡಿಯಬೇಕು, ಬಾಯಿ ಅಗಲವಾಗಿ ತೆರೆಯುವ ತನಕ ಹೇಗೆ ಕಾಯಬೇಕು ಎಂದು ಕಲಿಸಿದರು. ನಾನು ಗೊಂಬೆಯನ್ನು ಲ್ಯಾಪ್‌ಟಾಪ್ ಹಿಡಿಯುವ ಹಾಗೆ ಹಿಡಿದಿದ್ದೇನೆ ಎಂದೂ ತಿಳಿಸಿದರು.

ವಾಪಸ್ ಬರುವಾಗ ಕ್ಯಾಬಿನಲ್ಲಿ ಒಂದೇ ಚಿಂತೆ: ಮಾವನಿಗೆ ಯಾರು ಹೇಳುವುದು? ನಾನು ರಿಹರ್ಸಲ್ ಶುರು ಮಾಡಿದೆ. ಮಾವನ ದನಿಯೂ ನನ್ನದೇ, ಅಳಿಯನ ದನಿಯೂ ನನ್ನದೇ. ಎಷ್ಟು ಸಲ ಆಡಿದರೂ ಮಾವನೇ ಗೆಲ್ಲುತ್ತಿದ್ದರು.

“ಸಾಕು ಬಿಡು,” ಎಂದಳು ರೂಪಾ. “ನಮ್ಮಪ್ಪ. ನಾನೇ ಹೇಳ್ತೀನಿ.”

ಮಾವ ಶೆಡ್ಡಿನಲ್ಲಿ ಬೂಸಾ ಕಲಸುತ್ತಿದ್ದರು. ಬಾಣಂತಿ ಅಲ್ಲಿಗೆ ಹೋಗಬಾರದು. ಅವಳು ಹೋದಳು, ನಾನು ಹಿಂದೆ.

“ಅಪ್ಪಾ, ಇವತ್ತಿಂದ ಪಾಪೂಗೆ ನಾನೇ ಕುಡಿಸ್ತೀನಿ. ಎರಡೂ ಕಡೆ.”

ಮಾವ ತಲೆಯೆತ್ತಲಿಲ್ಲ. “ಮದ್ದು ನಡೀತಾ ಐತಲ್ಲವ್ವ. ಮಗೀಗೆ ಏನಾನ ಆದ್ರೆ? ಇಷ್ಟು ವರ್ಸ ಅಸ ಕಟ್ಟಿವ್ನಿ, ನಂಗೊತ್ತಿಲ್ವಾ?”

“ಗೊತ್ತು. ಅದಕ್ಕೇ ಕೇಳ್ತೀನಿ, ನೀನೇ ಹೇಳು. ಮದ್ದು ಕೊಟ್ಟ ಹಸೀನ ಹಾಲು ಯಾಕಪ್ಪ ಚೆಲ್ತೀವಿ?”

“ಡೈರಿನೋರು ತಗಳಲ್ಲ. ಒಂದು ಕ್ಯಾನಾಗಿಂದು ಸೇರ್ಕಂಡ್ರೆ ಊರೋರ ಆಲೆಲ್ಲ ಆಳಾಗ್ತದೆ.”

“ನನ್ ಹಾಲು ಯಾವ ಡೈರಿಗೆ ಹೋಗ್ತದಪ್ಪ?”

ಹಸು ಬಾಲ ಬೀಸಿತು. ಮಾವ ಕಲಸಿ ಮುಗಿದಿದ್ದ ಬೂಸಾವನ್ನು ಮತ್ತೆ ಕಲಸಿದರು. ರೂಪಾ ಬಿಡಲಿಲ್ಲ. “ನೀನು ಹಸೀಗೆ ಮಾಡೋದು ಕೊಂಡ್ಕೊಳೋರ ಸಲುವಾಗಿ. ಇದು ನನ್ ಮಗಳು ಕುಡಿಯೋ ಹಾಲು. ಡಾಕ್ಟ್ರು ಕುಡಿಸು ಅಂದವ್ರೆ, ಸಿಸ್ಟರ್ರೂ ಕುಡಿಸು ಅಂದವ್ರೆ. ನಾನು ಎದುರುಗಡೆ ಕೂತು ಕೇಳ್ದೆ.”

“ಬಾಯಿ ಬಿಟ್ಟು ಕೇಳಿದ್ಯಾ?”

“ಕೇಳ್ದೆ.”

ಮಾವ ಕೈ ಕೊಡವಿದರು. “ನಾನು ಕೇಳ್ನಿಲ್ಲ ನೋಡು,” ಎಂದರು. ಅಷ್ಟೇ. ಬಕೆಟ್ ಎತ್ತಿಕೊಂಡು ಇನ್ನೊಂದು ಹಸುವಿನ ಕಡೆ ಹೋದರು.

ಇಲ್ಲಿಗೆ ಕಥೆ ಮುಗಿಯುತ್ತದೆ ಎಂದು ನಾನೂ ಅಂದುಕೊಂಡಿದ್ದೆ. ಅಪ್ಪಣೆ ಸಿಕ್ಕಿತು, ಇನ್ನೇನು, ಮಗು ಕುಡಿಯುತ್ತದೆ. ಆದರೆ ಮಗಳಿಗೆ ಆನೆ ಬಾಟಲಿಯ ರುಚಿ ಹತ್ತಿತ್ತು. ಅದರಲ್ಲಿ ಬಾಯಿಟ್ಟರೆ ಸುರಿಯುತ್ತದೆ, ಇಲ್ಲಿ ಮೈ ಬಗ್ಗಿಸಿ ದುಡಿಯಬೇಕು. ರೂಪಾ ಎದೆಗೆ ತಂದರೆ ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ ಮುಖ ತಿರುಗಿಸಿ ಕಿರುಚುತ್ತಿದ್ದಳು. ಬುದ್ಧಿ ಅಪ್ಪನದೇ, ಕಷ್ಟಪಡುವ ಕೆಲಸ ಎಂದರೆ ಆಗದು.

ಅತ್ತೆ ಬಾಟಲಿಯನ್ನು ಅಟ್ಟಕ್ಕೆ ಎಸೆದು ಒಳಲೆ ತೊಳೆದು ತಂದರು. ರೂಪಾಳಿಗೇ ಹಾಲು ಕುಡಿಸಿದ್ದ ಪುಟ್ಟ ಬೆಳ್ಳಿ ಒಳಲೆ, ಒಂದು ಕಡೆ ಮೂತಿ ಇರುವ ಬಟ್ಟಲು. ಎದೆಗೆ ಬಾರದ ಹೊತ್ತಿನಲ್ಲಿ ಹಾಲನ್ನು ಕೈಯಿಂದ ತೆಗೆದು ಒಳಲೆಯಲ್ಲಿ ಹನಿಹನಿಯಾಗಿ ಬಿಡುವುದು, ಸಾಲದ್ದಕ್ಕೆ ಡಬ್ಬದ್ದು, ಹಸಿವಾಗಿ ಅಳುವ ಮುಂಚೆ ಮತ್ತೆ ಎದೆಗೆ ಪ್ರಯತ್ನ. ಹಾಲು ತೆಗೆಯಲು ರೂಪಾ ಕೂತರೆ ಮೊದಮೊದಲು ಏನೂ ಬರುತ್ತಿರಲಿಲ್ಲ. ಹೆದರಿಕೆಗೆ ಹಾಲು ಇಳಿಯುವುದಿಲ್ಲ ಎಂದು ಸಿಸ್ಟರ್ ಹೇಳಿದ್ದರು. ಒಂದು ಸಂಜೆ ನಾನು ಸರ್ಜನ್ನರ ದನಿಯಲ್ಲಿ, “ಬಟ್ಟಲು ಹಿಡೀರಿ, ಓಕೆ? ಬಂದ್ರೆ ಬರುತ್ತೆ, ಓಕೆ? ಬರ್ದಿದ್ರೆ ಟೀ ಕುಡಿಯೋಣ, ಓಕೆ?” ಎಂದೆ. ಅವಳು ಗಾಯ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆ ಬಲಗಡೆ ಹಾಲು ಇಳಿಯಿತು. ಅಂದಿನಿಂದ ದಿನವೂ ನನ್ನ ಡ್ಯೂಟಿ ಅದೇ. “ಬಾಣಂತಿ ರೂಮ್ನಾಗೆ ಅಳಿಯಂದ್ರು ನಾಟ್ಕ ಆಡ್ತಾ ಕೂತವ್ರೆ” ಎಂದು ಅತ್ತೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದರು. ಸ್ವರದಲ್ಲಿ ದೂರು ಇರಲಿಲ್ಲ.

ಎಲ್ಲ ದಿನ ಹಾಗಿರಲಿಲ್ಲ. ಎರಡನೇ ಸಲ ಸೂಜಿ ಹಾಕಿಸಿ ಬಂದ ದಿನ ಮಗಳು ರೂಪಾಳ ಎಡಗಡೆಗೆ ಮೂಗು ತಾಗಿಸಿದ್ದೇ ತಡ ಚೀರಿದಳು. ರೂಪಾ ಮಗುವನ್ನು ನನ್ನ ಕೈಗೆ ಕೊಟ್ಟು, “ನನ್ ಮಗೂಗೇ ನಾನು ಬೇಡ” ಎಂದಳು. ಹೇಳಿ ಅತ್ತಳು. ನಾನು ಮಗುವನ್ನು ಎತ್ತಿಕೊಂಡು ಅಲ್ಲೇ ನಿಂತಿದ್ದೆ. ಬಂದಿದ್ದ ನೆಂಟರೊಬ್ಬರು, “ಯಾಕವ್ವ ಇಷ್ಟು ಅಟ? ಡಬ್ಬದ್ದೇ ಆಕ್ಬಾರ್ದಾ?” ಎಂದರು. ರೂಪಾ ಮೂಗು ಒರೆಸಿಕೊಂಡು, “ಹಾಕ್ತಾನೂ ಇದೀನಿ ದೊಡ್ಡಮ್ಮ, ಹಟಾನೂ ಮಾಡ್ತಾ ಇದೀನಿ. ಎರಡೂ ಮಾಡೋಕೆ ಟೈಮ್ ಇದೆ ನಂಗೆ” ಎಂದಳು. ಮುಂದಿನ ಹೊತ್ತಿಗೆ ಮತ್ತೆ ಮಗುವನ್ನು ಎದೆಗೆ ತೆಗೆದುಕೊಂಡಳು.

ನಿಮ್ಮಲ್ಲಿ ಯಾರಾದರೂ ಈಗ ಅದೇ ಸ್ಥಿತಿಯಲ್ಲಿದ್ದರೆ, ನಿಮಗೆ ಡಬ್ಬದ್ದು ಕೊಟ್ಟು ಮಲಗಬೇಕೆನಿಸಿದರೆ ಮಲಗಿ. ಅದು ಸೋಲಲ್ಲ ಎಂದು ಸಿಸ್ಟರೇ ಹೇಳಿದ್ದು. ರೂಪಾಳಿಗೆ ಬೇಕಾಗಿತ್ತು, ಅವಳು ಹಿಡಿದಳು. ಬೇಡ ಎನಿಸಿದ್ದರೆ ಬಿಡುತ್ತಿದ್ದಳು, ಆಗಲೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಬಲಗಡೆ ಮೊದಲು ಸರಿಹೋಯಿತು. ಒಂದು ಬೆಳಗ್ಗೆ ಅರೆನಿದ್ದೆಯಲ್ಲಿ, ತಾನು ಮುಷ್ಕರ ಹೂಡಿರುವುದನ್ನೇ ಮರೆತು, ಮಗಳು ಬಾಯಿ ಅಗಲವಾಗಿ ತೆರೆದು ಹಿಡಿದಳು. ಎಚ್ಚರವಾದ ಮೇಲೂ ಬಿಡಲಿಲ್ಲ. ಅತ್ತೆ ಬಾಗಿಲ ಸಂದಿಯಿಂದ ನೋಡಿ ದೃಷ್ಟಿ ತೆಗೆದರು. ಮಾವ ಮೇಲಿನ ಹುಡುಗರಿಗೆ, ಬೈಕನ್ನು ಗೇಟಿನಾಚೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಿ ಎಂದು ಆಜ್ಞೆ ಹೊರಡಿಸಿದರು. ಎಡಗಡೆ ಮಾತ್ರ ಬೇಡವೇ ಬೇಡ. ಆ ಕಡೆ ಹಾಲು ಕಡಿಮೆ. ಕೈಯಿಂದ ತೆಗೆದರೆ ಒಳಲೆಯ ತಳ ಮುಚ್ಚಿದರೆ ಹೆಚ್ಚು. ಹೀಗೇ ಬಿಟ್ಟರೆ ಆ ಕಡೆ ಬತ್ತಿಹೋಗಬಹುದು, ಒಂದೇ ಕಡೆಯಿಂದಲೂ ಮಗು ಬೆಳೆಯುತ್ತದೆ, ಚಿಂತೆಯಿಲ್ಲ ಎಂದು ಸಿಸ್ಟರ್ ಫೋನಿನಲ್ಲಿ ಹೇಳಿದರು. ರೂಪಾ “ಆಯ್ತು ಸಿಸ್ಟರ್” ಎಂದಳು. ಫೋನಿಟ್ಟು ಎಡಗಡೆ ಹಾಲು ತೆಗೆಯಲು ಕೂತಳು.

ಗಾಯ ತೋರಿಸುವ ದಿನ ಬಂತು. ಈ ಸಲ ಮಾವ ತಾವೇ ಹಳೆಯ ವ್ಯಾನು ತೆಗೆದರು. ಮಗುವೂ ಜೊತೆಗೆ. ರಸ್ತೆ ಅಗೆದಿದ್ದರು, ಪೈಪು ಹಾಕುತ್ತಿದ್ದರೋ ತೆಗೆಯುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಲಾರಿಯ ಹಿಂದೆ ಲಾರಿ. ವ್ಯಾನಿನಲ್ಲೇ ಮಗು ಬಲಗಡೆಯದನ್ನು ಕುಡಿದು ಖಾಲಿ ಮಾಡಿತು. ಸರ್ಜರಿ ವಿಭಾಗದ ಹೊರಗೆ ಕೂತ ಸ್ವಲ್ಪ ಹೊತ್ತಿಗೆ ಮತ್ತೆ ಹಸಿವು, ಮತ್ತೆ ಅಳು.

“ಡಬ್ಬಿ ಕೊಡು,” ಎಂದಳು ರೂಪಾ. ತೆಗೆದಿಟ್ಟ ಹಾಲಿನ ಡಬ್ಬಿ, ಅದರ ಜೊತೆ ಒಳಲೆ.

ನಾನು ಬ್ಯಾಗು ತೆರೆದೆ. ಹೆಚ್ಚುವರಿ ಬಟ್ಟೆ ಇತ್ತು, ಗಿಲಕಿ ಇತ್ತು, ನನ್ನ ಮೊಬೈಲ್ ಚಾರ್ಜರ್ ಎರಡಿತ್ತು. ಡಬ್ಬಿ ವರ್ತೂರಿನ ಫ್ರಿಜ್ಜಿನಲ್ಲಿ ತಣ್ಣಗೆ ಕೂತಿತ್ತು.

ನಾನು ಮುಖ ಮಾಡಿದ ರೀತಿಯಲ್ಲೇ ಅವಳಿಗೆ ತಿಳಿಯಿತು. ಬೈಯಲಿಲ್ಲ. ಮಗಳ ಕೂಗಿಗೆ ಅವಳ ಎಡಗಡೆ ಬಟ್ಟೆ ಒದ್ದೆಯಾಗುತ್ತಿತ್ತು. ಕೆಳಗೆ ಸಿಸ್ಟರ್ ಕೋಣೆಗೆ ಹೋಗೋಣವೆಂದರೆ ಲಿಫ್ಟಿನ ಮುಂದೆ ಸಂತೆ. ರೂಪಾ ಎದ್ದು ಮೂಲೆಯ ಕುರ್ಚಿಗೆ ಹೋಗಿ, ಮಗುವನ್ನು ಎಡ ಕಂಕುಳ ಕೆಳಗೆ ಹಿಡಿದು ಕೂತಳು. ನಾನು ಅಡ್ಡ ನಿಲ್ಲಲು ಎದ್ದೆ. ಅಷ್ಟರಲ್ಲಿ ಮಾವ ನನಗಿಂತ ಮೊದಲು ಅಲ್ಲಿದ್ದರು. ರೂಪಾಳಿಗೆ ಬೆನ್ನು ಮಾಡಿ, ಹೆಗಲ ಟವೆಲ್ಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಇಡೀ ವಿಭಾಗವನ್ನು ದುರುಗುಟ್ಟಿಕೊಂಡು ನಿಂತರು. ಯಾರೂ ಈ ಕಡೆ ನೋಡಲಿಲ್ಲ. ನೋಡುವ ಧೈರ್ಯ ನನಗೂ ಕಷ್ಟದಿಂದ ಬಂತು.

ಮಗಳು ಮುಖ ತಿರುಗಿಸಿದಳು. ರೂಪಾ ಕಾದಳು. ಮತ್ತೆ ತಿರುಗಿಸಿದಳು, ಕಿರುಚಿದಳು, ಕೆನ್ನೆಗೆ ಹಾಲು ತಾಗಿ ಒಂದು ಕ್ಷಣ ಸುಮ್ಮನಾದಳು. ನಾಲಿಗೆ ಚಾಚಿ ನೆಕ್ಕಿದಳು. ರೂಪಾ ಆಗಲೂ ಅವಸರ ಮಾಡಲಿಲ್ಲ. ಬಾಯಿ ಅಗಲವಾಗಿ ತೆರೆಯಿತು, ಹತ್ತಿರ ತಂದಳು, ಹಿಡಿಯಿತು. ಮೊದಲು ಬರೀ ಬಾಯಾಡಿಸಿದಳು. ಆಮೇಲೆ ಗಲ್ಲ ನಿಧಾನವಾಗಿ ಇಳಿದು ಏರಿತು, ಗುಟುಕು ನುಂಗಿದ ಸದ್ದು ಬಂತು. ಮತ್ತೊಂದು. ನಾನು ರೂಪಾಳ ಚಪ್ಪಲಿಯೊಳಗಿನ ಕಾಲ್ಬೆರಳು ನೋಡಿದೆ. ಬಿಡಿಸಿಕೊಂಡೇ ಇದ್ದವು.

“ರೂಪಾ! ರೂಪಾ ಯಾರು?” ಬಾಗಿಲಲ್ಲಿ ಅಟೆಂಡರ್ ಕೂಗಿದ. ಮಾವನ ಟವೆಲ್ಲಿನ ಹತ್ತಿರ ಬಂದು ನಿಂತ. “ಮೇಡಂ, ನೀವೇನಾ? ಡಾಕ್ಟ್ರು ಆಪರೇಷನ್‌ಗೆ ಹೊರಡ್ತಿದ್ದಾರೆ. ಈಗ್ಲೇ ಬನ್ನಿ. ಇಲ್ಲಾಂದ್ರೆ ಸಂಜೆವರ್ಗೂ ಕಾಯ್ಬೇಕಾಗುತ್ತೆ.”

ರೂಪಾ ತಲೆಯೆತ್ತಲಿಲ್ಲ. ನಾನು ಏನೋ ಹೇಳಲು ಬಾಯಿ ತೆರೆದೆ.

“ಕಾಯ್ತೀವಿ ಓಗಪ್ಪ,” ಎಂದರು ಮಾವ, ಟವೆಲ್ ಇಳಿಸದೆ. “ಮಗ ಆಲು ಕುಡೀತಾ ಐತೆ.”

ಸಂಜೆಯವರೆಗೂ ಕಾದೆವು. ಅಷ್ಟರೊಳಗೆ ಮಗಳು ಇನ್ನೊಂದು ಸಲ ಕುಡಿದಳು, ಎಡಗಡೆಯೇ.